ಅಜ್ಜಿಯ ಸೆಟ್ಟು, ನನ್ನ ಸೋಪು

ನಾನು ಇಂಗ್ಲಿಷ್ ಮೇಡಂ. ಮತ್ತೋಡಿನ ಹತ್ತಿರದ ಹೈಸ್ಕೂಲಿಗೆ ವರ್ಗವಾಗಿ ಬಂದಾಗ, ಕುರಿ ಸಾಕುವ ಅಜ್ಜಿಯೊಬ್ಬರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ‘ಸೆಟ್’ ಎಂಬ ಚಿಕ್ಕ ಪದಕ್ಕೆ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥಗಳಿವೆ ಎಂದು ಮಕ್ಕಳೆದುರು ಜಂಬ ಕೊಚ್ಚುತ್ತಿದ್ದವಳು ನಾನು. ಅಜ್ಜಿಯ ಮಾತು ಕೇಳಿದ ಮೇಲೆ ಜಂಬ ಇಳಿಯಿತು.

ಶಾಲೆಯ ಮೆಟ್ಟಿಲು ಹತ್ತದ ಅವರು ಆ ಪದವನ್ನು ದುಡಿಸಿಕೊಳ್ಳುತ್ತಿದ್ದ ರೀತಿ ನೋಡಬೇಕಿತ್ತು. ಮೊಸರು ಹೆಪ್ಪಾದರೆ ಸೆಟ್ಟಾಯಿತು. ಮೊಮ್ಮಗಳಿಗೆ ಚಿಕ್ಕಜಾಜೂರಿನ ಗಂಡು ಒಪ್ಪಿಗೆಯಾದಾಗಲೂ ಸೆಟ್ಟೇ. ಹೊಸದುರ್ಗದಲ್ಲಿ ಕಟ್ಟಿಸಿಕೊಂಡು ಬಂದ ಹಲ್ಲು ಹೇಗಿದೆ ಅಂದರೆ, “ಸೆಟ್ಟೇನೋ ಚೆನ್ನಾಗೈತೆ ಮೇಡಂ, ಬಾಯಿಗೆ ಸೆಟ್ಟಾಗ್ತಿಲ್ಲ” ಎಂದು ಬೊಚ್ಚುಬಾಯಲ್ಲಿ ನಗುತ್ತಿದ್ದರು. ಅಬ್ಬಾ, ಬಿ.ಎಡ್. ಮಾಡಿದ ನನಗೆ ಹಾಗೆ ಹೇಳಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರ ಕುರಿಯೊಂದು ಮರಿ ಹಾಕಿ ಸತ್ತುಹೋಯಿತು. ಅದೇ ಹೊತ್ತಿಗೆ ಇನ್ನೊಂದು ಕುರಿಯ ಮರಿ ಹುಟ್ಟುತ್ತಲೇ ಸತ್ತಿತ್ತು. ಅಜ್ಜಿ ಸೆರಗು ಸಿಕ್ಕಿಸಿದರು. “ತಾಯಿಲ್ದ ಮರಿ ಅಲ್ಲೈತೆ, ಮರಿಯಿಲ್ದ ತಾಯಿ ಇಲ್ಲೈತೆ. ಎರಡೂ ಸೆಟ್ ಮಾಡಾಣ, ಬರ್ರಿ.”

ಅದೇನು ಸುಲಭದ ಕೆಲಸವಲ್ಲ. ಕುರಿ ವಾಸನೆಯಿಂದಲೇ ತನ್ನ ಮರಿಯನ್ನು ಗುರುತಿಸುತ್ತದೆ, ಬೇರೆಯದನ್ನು ಹತ್ತಿರ ಸೇರಿಸುವುದಿಲ್ಲ. ಸತ್ತ ಮರಿಯ ಮೈಮೇಲಿನ ಲೋಳೆಯನ್ನು ಅಜ್ಜಿ ಈ ತಬ್ಬಲಿ ಮರಿಗೆ ಬಳಿದರು, ಮರಿ ಕಳೆದುಕೊಂಡ ಕುರಿಯದೇ ಹಾಲು ಕರೆದು ಸವರಿದರು, ಮೇಲೆ ಉಪ್ಪು ಉದುರಿಸಿದರು. ಉಪ್ಪಿನಾಸೆಗೆ ಕುರಿ ಮರಿಯನ್ನು ನೆಕ್ಕತೊಡಗಿತು. ಮಧ್ಯಾಹ್ನದ ಹೊತ್ತಿಗೆ ಮೊಲೆಗೂ ಬಿಟ್ಟುಕೊಂಡಿತು. ಅಜ್ಜಿ ನಿರಾಳವಾಗಿ ಸೊಪ್ಪು ತರಲು ಹೊರಟರು.

ಆಮೇಲಿನ ಘನಕಾರ್ಯ ನನ್ನದು. ಮರಿಯ ಮೈಯೆಲ್ಲ ಅಂಟಂಟು, ಮೇಲೆ ನೊಣ. ಅಯ್ಯೋ ಪಾಪ ಎನಿಸಿತು. ನೀರು ಕಾಯಿಸಿ, ಘಮಘಮ ಸೋಪು ಹಚ್ಚಿ ತೊಳೆದು, ನನ್ನ ಟವೆಲಿನಲ್ಲೇ ಒರೆಸಿ ಬಿಟ್ಟೆ. ಕುರಿ ಒಂದು ಸಲ ಮೂಸಿ, ತಲೆ ತಗ್ಗಿಸಿ ಗುದ್ದಿತು. ಮರಿ ಗೋಡೆ ಬುಡದಲ್ಲಿ ಹೋಗಿ ಬಿತ್ತು.

ಸೊಪ್ಪಿನ ಹೊರೆಯೊಂದಿಗೆ ಬಂದ ಅಜ್ಜಿ ಮರಿಯನ್ನು ಮೂಸಿದರು. “ಏನ್ ಮಾಡಿಬಿಟ್ರಿ ಮೇಡಂ! ಹಾಲು ಕುಡೀಲಿಲ್ಲ ಅಂದ್ರೆ ನಾಡಿದ್ದಿಗೆ ಇದು ಇರಲ್ಲ.” ಅಷ್ಟೇ ಅಂದರು. ನಾಲ್ಕು ಬೈದಿದ್ದರೂ ಚೆನ್ನಾಗಿತ್ತು. ಸೀಸೆಯಲ್ಲಿ ಹಾಲು ಹಿಡಿದು ಬೇಡಿಕೊಂಡೆ, ಮರಿ ಬಾಯಿ ತೆರೆಯಲಿಲ್ಲ. ಬುದ್ಧಿವಂತೆ ಅನ್ನಿಸಿಕೊಂಡು ಒಂದು ಜೀವ ತೆಗೆದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಜ್ಜಿ ಎರಡು ದಿನ ಕುರಿ ಕಾಯಲು ಹೋಗಲಿಲ್ಲ. ಕುರಿ ಮಲಗಿದ್ದ ಜಾಗದ ಹಸಿ ಮಣ್ಣನ್ನೇ ತಂದು ಮರಿಗೆ ಉಜ್ಜಿದರು, ಮತ್ತೆ ಹಾಲು, ಮತ್ತೆ ಉಪ್ಪು. ಕುರಿಯನ್ನು ಮಂಡಿಗಳ ನಡುವೆ ಅದುಮಿಟ್ಟು ಮರಿಗೆ ಕುಡಿಸಿದರು. ಸೊಂಟ ಹಿಡಿದುಕೊಂಡು ನರಳುವರು, ಗಳಿಗೆ ಬಿಟ್ಟು ಮತ್ತೆ ಕೂರುವರು. ಅಂಥ ತಾಳ್ಮೆಯನ್ನು ನಾನು ಯಾವ ಮೇಷ್ಟ್ರಲ್ಲೂ ಕಂಡಿಲ್ಲ.

ಮೂರನೆಯ ಬೆಳಿಗ್ಗೆ ಅಳುಕುತ್ತಲೇ ಹಟ್ಟಿಯೊಳಗೆ ಕಾಲಿಟ್ಟೆ. ಮರಿ ಬದುಕಿದೆಯೋ ಎಂದು ಬಗ್ಗಿದೆನೋ ಇಲ್ಲವೋ, ಕುರಿ ನಡುವೆ ನುಗ್ಗಿ ನನ್ನ ಮೊಣಕಾಲಿಗೆ ಜಾಡಿಸಿ ಗುದ್ದಿತು. ಕುರಿ ಹಿಕ್ಕೆಯ ಮೇಲೆ ದೊಪ್ಪನೆ ಕೂತೆ.

“ಸುಮ್ನೆ ಅಲ್ಲೇ ಕುಂತ್ಕಳ್ರಿ ಮೇಡಂ,” ಅಜ್ಜಿ ನಕ್ಕರು. “ಅದ್ರ ಮಗೂನ ಮುಟ್ಟಾಕೆ ಬಂದ್ರೆ ಬಿಡುತ್ತಾ?”

ಮೊಣಕಾಲು ಉಜ್ಜಿಕೊಳ್ಳುತ್ತ, ಸಂತೋಷಕ್ಕೆ ಅಳುತ್ತ ಅಲ್ಲೇ ಕುಳಿತೆ. ಕುರಿಯ ಹಿಂದೆ ಮರಿಯ ಬಾಲ ಪಟಪಟನೆ ಅಲ್ಲಾಡುತ್ತಿತ್ತು.