ನಾನು ಹೋಗದ ಐದನೆಯ ದಿನ

ಈ ಪರದೇಶದಲ್ಲೇ ಲಿಮೆರಿಕ್ ಊರು ಬಿಟ್ಟು ಲೂಕನ್ ಊರಿಗೆ ಬಂದದ್ದು ನನ್ನ ಹೆಂಡತಿಯ ಕೆಲಸಕ್ಕಾಗಿ. ಅವಳು ನರ್ಸ್. ನಾನು ಬಡಗಿ, ನನ್ನ ಕೆಲಸ ನನ್ನ ಕೈಯಲ್ಲೇ ಇರುತ್ತದೆ, ಯಾವ ಊರಾದರೇನು? ನಾನು ಕೂರಿಸಿದ ಕಪಾಟಿಗೂ ಗೋಡೆಗೂ ನಡುವೆ ಒಂದು ಕಾಗದ ತೂರಿಸಲಿ ನೋಡೋಣ ಎಂದು ಇವತ್ತಿಗೂ ಪಂಥ ಕಟ್ಟುತ್ತೇನೆ.

ಕಷ್ಟವಾದದ್ದು ಮಗಳಿಗೆ. ಲಿಮೆರಿಕ್‌ನಲ್ಲಿ ಒಬ್ಬಳೇ ಗೆಳತಿಯ ಪಕ್ಕ ನಾಲ್ಕು ವರ್ಷ ಕೂತವಳು, ಇಲ್ಲಿ ಮೂರನೇ ಕ್ಲಾಸಿಗೆ ಬಂದು ಸೇರಿದಳು. ತಿಂಗಳು ಕಳೆದರೂ ಊಟದ ಡಬ್ಬಿ ಅರ್ಧ ಹಾಗೇ ವಾಪಸು ಬರುತ್ತಿತ್ತು. "ಇವತ್ತು ಯಾರ ಜೊತೆ ಆಡಿದೆ ಮಗಳೇ?" ಅಂದರೆ "ಗೋಡೆ ಜೊತೆ" ಅನ್ನುತ್ತಿದ್ದಳು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಲಿಮೆರಿಕ್ ರಾಗದಲ್ಲಿ. ಇಲ್ಲಿ ಅದನ್ನು ನನ್ನ ಮಾತಿಗೆ ತಿರುಗಿಸಿ ಬರೆದಿದ್ದೇನೆ.

ಅಲುಗಾಡುವ ಕುರ್ಚಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಗಳ ವಿಷಯದಲ್ಲೂ ಹಾಗೇ ಆಯಿತು. ನಮ್ಮೂರ ಶಾಲೆಯಲ್ಲಿ ಹುಟ್ಟುಹಬ್ಬ ಬಂದರೆ ಇಡೀ ಕ್ಲಾಸಿಗೆ ಸಿಹಿ ಹಂಚಬೇಕು. ಮೊದಲು ಮೇಷ್ಟ್ರಿಗೆ, ಆಮೇಲೆ ಬೆಂಚಿನಿಂದ ಬೆಂಚಿಗೆ. ಆ ಒಂದು ದಿನ ಎಂಥ ಮೂಕಿಯೂ ರಾಣಿ. ಮಗಳ ಹುಟ್ಟುಹಬ್ಬದ ಹಿಂದಿನ ದಿನ, ಹೆಂಡತಿ ಡ್ಯೂಟಿಗೆ ಹೋಗಿದ್ದಾಗ, ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಬೆಲ್ಲದ ಪಾಕ ಹಿಡಿದು, ಬಿಸಿಬಿಸಿ ಇರುವಾಗಲೇ ಅಂಗೈ ಸುಟ್ಟುಕೊಂಡು ಮೂವತ್ತು ಉಂಡೆ ಕಟ್ಟಿದೆ. ಬೆಳಿಗ್ಗೆ ಡಬ್ಬಿ ಎತ್ತಿಕೊಂಡು ಅವಳ ಜೊತೆ ಕ್ಲಾಸಿನ ಬಾಗಿಲವರೆಗೂ ಹೋಗಿ, "ಪೀನಟ್ ಸ್ವೀಟ್, ಎಲ್ಲರಿಗೂ!" ಎಂದು ಗಟ್ಟಿಯಾಗಿ ಹೇಳಿದೆ.

ಟೀಚರ್ ಮುಖ ಬಿಳುಚಿಕೊಂಡಿತು. ನಗುತ್ತಲೇ ನನ್ನನ್ನು ಹೊರಗೆ ಕರೆತಂದರು. ಕ್ಲಾಸಿನ ಒಬ್ಬ ಹುಡುಗಿಗೆ ಶೇಂಗಾ ತಾಗಿದರೆ ಉಸಿರೇ ಕಟ್ಟುತ್ತದಂತೆ. ಮಗಳನ್ನು ಸಿಂಕಿನ ಹತ್ತಿರ ಕರೆದೊಯ್ದು ಕೈ ತೊಳೆಸಿದರು. ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು. ನಾನು ಡಬ್ಬಿ ಹಿಡಿದು ವಾಪಸು ಬಂದೆ.

ಸಂಜೆ ಹೆಂಡತಿ ಹಣೆ ಚಚ್ಚಿಕೊಂಡಳು. "ಏನ್ರೀ, ನರ್ಸ್ ಗಂಡ ಆಗಿ ಶೇಂಗಾ ಹೊತ್ಕೊಂಡು ಸ್ಕೂಲಿಗೆ ಹೋಗಿದೀರಲ್ಲ! ಅವರು ಕಳಿಸಿದ ಕಾಗದ ಓದಿಲ್ವಾ?"

"ನಾಲ್ಕು ಪುಟ ಇತ್ತು ಕಣೇ."

"ಮೊದಲನೇ ಪುಟದಲ್ಲೇ ಐತೆ, ದಪ್ಪಕ್ಷರದಲ್ಲಿ!"

ಓದುವ ವಿಷಯ ಬಂದರೆ ನಾನು ಮಾತು ಬೆಳೆಸುವುದಿಲ್ಲ. ಎದ್ದು ಹೋಗಿ ವ್ಯಾನಿನ ಸಾಮಾನು ಜೋಡಿಸಿದೆ.

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ನಿಲ್ಲಿಸಿದರೆ ಮಗಳು ವ್ಯಾನಿನಿಂದ ಇಳಿಯಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅಪ್ಪ, ಲಿಮೆರಿಕ್‌ಗೆ ಹೋಗೋಣ. ಇಲ್ಲಾಂದ್ರೆ ಮನೆಗೆ. ಇವತ್ತೊಂದು ದಿನ."

'ಹೋಗ್ಲಿ ಬಿಡು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನನ್ನ ಅವ್ವನ ಮಾತು. ಏಳನೇ ಕ್ಲಾಸು ಮುಗಿಸಿ ಮೂರು ಮೈಲಿಯಾಚೆಯ ಹೈಸ್ಕೂಲಿಗೆ ಸೇರಿದ್ದೆ. ನಾಲ್ಕನೆಯ ದಿನ ಇಂಗ್ಲಿಷ್ ಪಾಠ ಓದಲು ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು, ನಾನು ತಡವರಿಸಿದೆ, ಕ್ಲಾಸೆಲ್ಲ ನಕ್ಕಿತು. ಐದನೆಯ ದಿನ ಬೆಳಿಗ್ಗೆ ಹೊಟ್ಟೆನೋವು ಅಂದೆ. ಅವ್ವ ತಲೆ ಸವರಿ, "ಹೋಗ್ಲಿ ಬಿಡು ಮಗಾ, ಇವತ್ತೊಂದಿನ" ಅಂದಳು. ಪ್ರೀತಿಯಿಂದಲೇ ಅಂದಳು. ಆ ಒಂದು ದಿನ ಮುಗಿಯಲೇ ಇಲ್ಲ. ಮುಂದಿನ ವಾರ ಮಾವನ ಮರಗೆಲಸದ ಅಂಗಡಿಯಲ್ಲಿ ಹೊಟ್ಟು ಗುಡಿಸುತ್ತಿದ್ದೆ.

ಇದನ್ನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಮಗಳಿಗೆ ಹೇಳಿದೆ.

"ಐದನೇ ದಿನ ಏನು ಪಾಠ ಮಾಡಿದ್ರು?" ಅಂದಳು.

"ಯಾರಿಗೆ ಗೊತ್ತು ಮಗಳೇ? ನಾನಿರಲಿಲ್ವಲ್ಲ."

"ಹೋಗಬೇಕು ಅಂತ ಅನ್ನಿಸ್ಲಿಲ್ವಾ?"

"ಆಮೇಲೆ ಅನ್ನಿಸ್ತು. ಈಗ್ಲೂ ಅನ್ನಿಸುತ್ತೆ."

ಅವಳು ಗಾಜಿನಾಚೆ ನೋಡಿದಳು. ಹನಿ ಮಳೆಯಲ್ಲೇ ಮಕ್ಕಳು ಓಡಾಡುತ್ತಿದ್ದರು. "ಒಳಗೆ ಬರ್ತೀಯಾ?"

"ಗೇಟಿನ ತನಕ. ಒಳಗೆ ನೀನೇ."

"ಡಬ್ಬಿ ತರಲ್ಲ ತಾನೆ?"

"ಇಲ್ಲಮ್ಮ, ಆಣೆ!"

ಇಳಿದಳು. ಗೇಟಿನಲ್ಲಿ ನನ್ನ ಬೆರಳು ಬಿಡಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ, ನನಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆ ದಿನ ಒಂದು ಹಲಗೆಯನ್ನು ಎರಡು ಸಲ ತಪ್ಪು ಅಳತೆಗೆ ಕೊಯ್ದೆ.

ಮಧ್ಯಾಹ್ನ ಕರೆತರುವಾಗ ಶಾಲೆ ಹೇಗಿತ್ತು ಎಂದು ಕೇಳಿದರೆ "ಗ್ರ್ಯಾಂಡ್" ಅಂದಳು, ಇಲ್ಲಿಯವರು 'ಪರವಾಗಿಲ್ಲ' ಅನ್ನುವುದೇ ಹಾಗೆ, ಅಷ್ಟೇ. ಮನೆ ಹತ್ತಿರ ಬಂದಾಗ ತಾನಾಗಿಯೇ ಹೇಳಿದಳು: "ಆ ಹುಡುಗಿ ಹತ್ರ ಹೋಗಿ ಸಾರಿ ಹೇಳಿದೆ. ಅವಳು ಶೇಂಗಾ ರುಚಿನೇ ನೋಡಿಲ್ವಂತೆ ಅಪ್ಪ. ಹೇಗಿರುತ್ತೆ ಹೇಳು ಅಂದ್ಲು."

"ಏನ್ ಹೇಳಿದೆ?"

"ತುಂಬಾ ಹೊತ್ತು ಹೇಳಿದೆ. ಆದ್ರೂ ಅವಳಿಗೆ ಗೊತ್ತಾಗ್ಲಿಲ್ಲ."

ಈಗ ಅವಳು ಗೇಟಿನವರೆಗೂ ನನ್ನನ್ನು ಕರೆಯುವುದಿಲ್ಲ. ರಸ್ತೆಯ ತಿರುವಿನಲ್ಲೇ ಇಳಿದು ಓಡುತ್ತಾಳೆ. ನಾನು ಕೆಲಸಕ್ಕೆ ಹೊರಡಬೇಕು, ಆದರೂ ಗಂಟೆ ಹೊಡೆಯುವವರೆಗೆ ನಿಲ್ಲುತ್ತೇನೆ. ಮಕ್ಕಳು ಅಂಗಳದಲ್ಲಿ ಸಾಲುಗಟ್ಟುತ್ತಾರೆ, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಪ್ರತಿದಿನ ನೋಡುತ್ತೇನೆ, ಆ ಸಾಲಿನ ಕೊನೆಯಲ್ಲಿ ಇನ್ನೊಬ್ಬ ನಿಲ್ಲುವಷ್ಟು ಜಾಗ ಇದ್ದೇ ಇರುತ್ತದೆ.