ಅಗಸಿ ಹೊತ್ತಿದ ಸಂಜೆ

ನನ್ನ ಅಕ್ಕ ಕೊನೆಯ ವರ್ಷಗಳಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಆಮೇಲೆ ನನ್ನನ್ನೂ ಮರೆತಳು. ಹೀಗಾಗಿ ಹೋದ ವರ್ಷ ನಾನು ಎರಡು ಸಲ ಕನ್ನಡಕ ಎಲ್ಲೋ ಇಟ್ಟು ಮರೆತದ್ದೇ ತಡ, ಹೆಂಡತಿ ನನ್ನನ್ನು ಗದಗಿನ ಡಾಕ್ಟರರ ಮುಂದೆ ಹಾಜರುಪಡಿಸಿದಳು.

"ಗ್ಯಾರಂಟಿ ಕೊಡಾಕ ಆಗಂಗಿಲ್ರಿ," ಎಂದರು ಅವರು. "ಆದ್ರ ಸೊಪ್ಪು, ಕಾಳು, ಅಗಸಿ ಜಾಸ್ತಿ ತಿನ್ರಿ. ಕರದದ್ದು ಬಿಡ್ರಿ. ಮೆದುಳಿಗೆ ಚಲೋ ಆಗಬಹುದು."

ಅಂದಿನಿಂದ ಶಿರಹಟ್ಟಿಯ ನಮ್ಮ ಮನೆಯಿಂದ ಮಿರ್ಚಿ ಭಜಿ ಗಡೀಪಾರಾಯಿತು. ತಟ್ಟೆಗೆ ರೊಟ್ಟಿ, ಹಸಿ ಹಕ್ಕರಕಿ ಸೊಪ್ಪು, ಅಗಸಿ ಹಿಂಡಿ ಬಂದವು. ಜೊತೆಗೆ ಪರೀಕ್ಷೆಯೂ: "ನಿನ್ನೆ ಏನ್ ಪಲ್ಯ ಇತ್ರಿ?" ಉತ್ತರ ತುಸು ತಡವಾದರೆ ಬಡಿಸುವ ಅವಳ ಕೈ ಅಲ್ಲೇ ನಿಲ್ಲುತ್ತಿತ್ತು. ನನ್ನ ಎದೆಯೂ.

ಒಂದು ಸಂಜೆ ಅವಳ ತಮ್ಮ ಯಳವತ್ತಿಯಿಂದ ಹಕ್ಕರಕಿ ತರುವವನಿದ್ದ. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. "ಅಗಸಿ ಕಡೆ ಸ್ವಲ್ಪ ಲಕ್ಷ್ಯ ಇಡ್ರಿ, ಬಾಜೂ ಮನಿಗೆ ಹೋಗಿ ಬಂದೆ," ಎಂದು ಅವಳು ಹೊರಟಳು. ನಾನೂ ಚಪ್ಪಲಿ ಮೆಟ್ಟಿ ನಡೆದೆ.

ಮರಳಿದಾಗ ಮನೆ ತುಂಬ ಹೊಗೆ. ಹುರಿಯಲಿಟ್ಟ ಅಗಸಿ ಬಾಣಲೆಯಲ್ಲಿ ಕರಿಕಲಾಗಿತ್ತು. ಅವಳು ಬೈಯಲಿಲ್ಲ, ಹೆದರಿಕೆಯಾದದ್ದು ಅದಕ್ಕೇ.

"ಒಲಿ ಮ್ಯಾಲೆ ಇಟ್ಟದ್ದು ಮರ್ತ್ರೇನ್ರಿ?" ಎಂದಳು ಮೆಲ್ಲಗೆ. "ಅಕ್ಕಾರ ಹಂಗ?"

"ಏನೂ ಮರ್ತಿಲ್ಲ! 'ಅಗಸಿ ಕಡೆ ಸ್ವಲ್ಪ ಲಕ್ಷ್ಯ ಇಡ್ರಿ' ಅಂದಿ. ಊರ ಅಗಸಿಗೆ ಹೋಗಿ ನಿಂತೆ. ನಿನ್ನ ತಮ್ಮ ಬರ್ಲೇ ಇಲ್ಲ."

ನಮ್ಮ ಕಡೆ ಎಣ್ಣೆಕಾಳೂ ಅಗಸಿ, ಊರ ಹೆಬ್ಬಾಗಿಲೂ ಅಗಸಿ. ತಪ್ಪು ಭಾಷೆಯದು, ಮೆದುಳಿನದಲ್ಲ. ಆದರೆ ಅಕ್ಕನೂ ಹೀಗೆಯೇ ಕಥೆ ಕಟ್ಟುತ್ತಿದ್ದಳಲ್ಲ. ಹೆಂಡತಿಯ ಕಣ್ಣು ತುಂಬಿದವು.

"ಅಲ್ಲಿ ಹೋಗಿದ್ರಿ ಅನ್ನಾಕ ಸಾಕ್ಷಿ ಏನೈತ್ರಿ?"

ಸಾಕ್ಷಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತಲೆಯ ಮಾನ ಉಳಿಸಬೇಕಾದರೆ ನಾಲಗೆಯ ಮಾನ ಕಳೆಯಬೇಕಿತ್ತು. ಕೊನೆಗೆ, ಅಗಸಿಯ ಬಳಿಯ ಅಂಗಡಿಯ ಎಣ್ಣೆ ಇಳಿದ ಪೊಟ್ಟಣವನ್ನು ಅವಳ ಮುಂದಿಟ್ಟೆ. ಇನ್ನೂ ಬೆಚ್ಚಗಿತ್ತು.

"ಎಷ್ಟು ತಿಂದ್ರಿ?"

"ಮೂರು. ಒಂದು ಉಳಿದೈತಿ."

ಅವಳು ಪೊಟ್ಟಣ ಬಿಚ್ಚಿದಳು. ಲೆಕ್ಕ ಸರಿಯಿತ್ತು. ಗೋಡೆಗೆ ಒರಗಿ ದೊಡ್ಡ ಉಸಿರು ಬಿಟ್ಟಳು.

"ತಲಿ ನೆಟ್ಟಗೈತಿ ಬಿಡ್ರಿ. ನಾಲಗಿ ಅಷ್ಟ ಕೆಟ್ಟೈತಿ."

ಸುಟ್ಟ ಬಾಣಲೆಯನ್ನು ತಿಕ್ಕಲು ನನ್ನ ಕೈಗೆ ಕೊಟ್ಟು, ಉಳಿದ ಭಜಿಯನ್ನು ತಾನೇ ತಿಂದಳು.