ಸೂಟ್‌ಕೇಸಿನ ನೈಟಿಗಳು, ನಾನು ಕೂಡಿದ ಮೊತ್ತ

1993ರ ಫೆಬ್ರುವರಿ ಏಳನೇ ತಾರೀಕು, ಭಾನುವಾರ, ಊಟವಾದ ಮೇಲೆ ನನ್ನ ಡೈರಿಯನ್ನು ಅಪ್ಪನ ಮುಂದೆ ಹಿಡಿದು, ‘ಟೋಟಲ್ ಸರಿ ಇದೆಯಾ ನೋಡಿ’ ಎಂದೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಮೊತ್ತ 41,350 ಶಿಲ್ಲಿಂಗ್. ಪಕ್ಕದಲ್ಲಿ ಅಪ್ಪನ ಹಸಿರು ಪೆನ್ನಿನ ಸಣ್ಣ ಟಿಕ್. ಕೂಡುವುದರಲ್ಲಿ ತಪ್ಪಿರಲಿಲ್ಲ.

ಆಗ ನನಗೆ ಹದಿನೈದು ವರ್ಷ, ಈಗ ಇಪ್ಪತ್ತು. ಅಪ್ಪ ನೈರೋಬಿಯ ಅಪ್ಪರ್ ಹಿಲ್‌ನ ಒಂದು ಕಂಪನಿಯಲ್ಲಿ ಅಕೌಂಟೆಂಟ್. ನನಗೆ ಎಂಟು ವರ್ಷವಾದಾಗಿನಿಂದ ಪ್ರತಿ ಜನವರಿಯಲ್ಲಿ ಆಫೀಸಿನ ಒಂದು ಡೈರಿ ತಂದುಕೊಡುತ್ತಿದ್ದರು. ಕಂಡದ್ದನ್ನೆಲ್ಲ ಎಣಿಸಿ ಅದರಲ್ಲಿ ಬರೆಯುತ್ತಿದ್ದೆ. ತಿಂಗಳಲ್ಲಿ ಎಷ್ಟು ಸಲ ಕರೆಂಟ್ ಹೋಯಿತು, ಶಾಲೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಎಷ್ಟು ಜನ ನಿಂತಿದ್ದರು, ನಮ್ಮ ಪಾರ್ಕ್‌ಲ್ಯಾಂಡ್ಸ್ ಫ್ಲಾಟಿನ ಎದುರಿನ ಜಕರಂಡಾ ಯಾವ ದಿನ ಹೂ ಬಿಟ್ಟಿತು. ಶಾಲೆಯ ಹುಡುಗಿಯರಿಗೆ ಓದಲು ಬಾರದಿರಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೆ. ಮನೆಯವರಿಂದ ಮುಚ್ಚಿಡಬೇಕಾದದ್ದು ಏನಾದರೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಅಮ್ಮ ನೈಟಿ ಮಾರುತ್ತಿದ್ದಳು. ಬೆಂಗಳೂರಿನಲ್ಲಿದ್ದ ದೊಡ್ಡಮ್ಮ ಚಿಕ್ಕಪೇಟೆಯಿಂದ ಹತ್ತಿಯ ನೈಟಿಗಳನ್ನು ಕೊಂಡು ಕಟ್ಟಿಡುತ್ತಿದ್ದರು. ನೈರೋಬಿಯಿಂದ ಊರಿಗೆ ಯಾರು ಹೊರಟರೂ ಅಮ್ಮ ಅವರ ಮನೆಗೆ ಹೋಗಿ, ಕಾಫಿ ಕುಡಿದು, ಏಳುವ ಹೊತ್ತಿಗೆ ಕೇಳುತ್ತಿದ್ದಳು: ‘ಬರ್ತಾ ನಿಮ್ಮ ಬ್ಯಾಗಲ್ಲಿ ಒಂದೆರಡು ಕಿಲೋ ಜಾಗ ಇರತ್ತಾ?’ ನಮ್ಮವರಲ್ಲಿ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ಕಿಲೋಗೆ ನಾಲ್ಕು ನೈಟಿ. ಕಿಲೋ ಕೊಟ್ಟವರಿಗೆ ಒಂದು ನೈಟಿ ಪುಕ್ಕಟೆ. ಉಳಿದವು ಕನ್ನಡದವರು, ಕೊಂಕಣಿಯವರು, ಗುಜರಾತಿಗಳು ಎಂದು ಮನೆಮನೆಗೆ ಹೋಗುತ್ತಿದ್ದವು. ದುಡ್ಡು ಮೂರು ಕಂತಿನಲ್ಲಿ. ಯಾರು ಎಷ್ಟು ಕೊಟ್ಟರು, ಯಾರದು ಎಷ್ಟು ಬಾಕಿ, ಎಲ್ಲ ಅಮ್ಮನ ತಲೆಯಲ್ಲೇ ಇರುತ್ತಿತ್ತು.

ಒಮ್ಮೆ ನಾನು, ‘ಒಂದು ಪುಸ್ತಕ ಇಡಬಾರದಾ?’ ಎಂದು ಕೇಳಿದ್ದೆ.

‘ಬರೆದಿಟ್ರೆ ವ್ಯಾಪಾರ ಕಣೇ. ಬರೀದೇ ಇದ್ರೆ ಸ್ನೇಹ’ ಎಂದಳು.

ಅಮ್ಮನ ಪಾಸ್‌ಪೋರ್ಟಿನಲ್ಲಿದ್ದ ಮುದ್ರೆ ಆಕೆ ಅಪ್ಪನ ಅವಲಂಬಿತೆ ಎಂದು ಹೇಳುತ್ತಿತ್ತು. ಆ ಮುದ್ರೆಯವರು ಕೆನ್ಯಾದಲ್ಲಿ ಇರಬಹುದು, ದುಡಿಯುವಂತಿಲ್ಲ, ಅಂಗಡಿ ಇಡುವಂತಿಲ್ಲ.

ಆ ವರ್ಷ ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟ್ ಇತ್ತು. ಚೀಟಿ ಎತ್ತಿದಾಗ ನನಗೆ ಬಂದ ವಿಷಯ, ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ ಅಲ್ಲಿಯ ಬಂದರು ಪಟ್ಟಣಗಳಲ್ಲಿ ಹೆಂಗಸರ ವ್ಯಾಪಾರ ಮತ್ತು ಸಾಲ. ಲೈಬ್ರರಿಯಲ್ಲಿ ಕೂತು ಓದಿದೆ. ವಿಧವೆಯರು ಅಂಗಡಿ ನಡೆಸುತ್ತಿದ್ದರು. ಮನೆಯಲ್ಲಿ ಬಾಡಿಗೆಗೆ ಜನ ಇಟ್ಟುಕೊಂಡವರು, ಹೊಲಿಯುವವರು, ಟೋಪಿ ಮಾರುವವರು ಒಬ್ಬರಿಗೊಬ್ಬರು ಕಡ ಕೊಡುತ್ತಿದ್ದರು. ಮದುವೆಯಾದ ಹೆಂಗಸಿನ ಸರಕು, ದುಡ್ಡು ಮಾತ್ರ ಕಾನೂನಿನಲ್ಲಿ ಗಂಡನದೇ. ಗಂಡನ ಸಾಲಗಾರ ಬಂದು ಹೆಂಡತಿಯ ಬಟ್ಟೆಯ ಥಾನುಗಳನ್ನು ಎತ್ತಿಕೊಂಡು ಹೋಗಬಹುದಿತ್ತು.

ಇದನ್ನು ಓದಿ ಹೇಳಿದಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ‘ಅಮೆರಿಕಾದವ್ರು ಅದನ್ನ ಬರೆದು ಬೇರೆ ಇಡಬೇಕಾಯ್ತಾ? ನಮ್ಮಲ್ಲಿ ಬರೀದೇ ನಡೀತಿದೆಯಲ್ಲ!’ ಎಂದು ನಕ್ಕಳು.

ನನಗೆ ಅಮ್ಮ ಆ ಹೆಂಗಸರಂತೆ ಕಂಡಳು. ಆಕೆಯ ವ್ಯಾಪಾರಕ್ಕೆ ಒಂದು ಲೆಕ್ಕ ಇರಲಿ ಎಂದು ಜನವರಿ ಪೂರ್ತಿ ಬರೆದೆ. ಅಕ್ಕಿ ಡ್ರಮ್ಮಿನ ಹಿಂದೆ ನೀಲಿ ಬಿಸ್ಕತ್ ಡಬ್ಬಿ ಇತ್ತು. ಅದಕ್ಕೆ ಹಾಕುವಾಗ ಅಮ್ಮ ಮೊತ್ತವನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು, ನಾನು ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಒಂದು ದಿನ ಆಕೆ ಹೊರಗೆ ಹೋಗಿದ್ದಾಗ ಡಬ್ಬಿ ತೆಗೆದು ಎಣಿಸಿದೆ. ಒಳಗೆ ಮೂರು ಲಕೋಟೆಗಳಿದ್ದವು. ಅವುಗಳಲ್ಲಿದ್ದದ್ದನ್ನೂ ಬಿಡಿ ನೋಟುಗಳನ್ನೂ ಒಟ್ಟಿಗೆ ಕೂಡಿದೆ. ಲಕೋಟೆಗಳು ಯಾಕೆ ಬೇರೆ ಇವೆ ಎಂದು ಕೇಳಿಕೊಳ್ಳಲಿಲ್ಲ. ಪುಟದ ತಲೆಗೆ ‘ಅಮ್ಮನ ಬಂಡವಾಳ’ ಎಂದು ಬರೆದು ಅಡಿಗೆರೆ ಎಳೆದೆ. ಲೆಕ್ಕ ಕಲಿಸಿದವರು ಅಪ್ಪ. ಅವರಿಗೆ ತೋರಿಸದೆ ಯಾವ ಲೆಕ್ಕವೂ ಮುಗಿದಂತೆ ನನಗೆ ಅನ್ನಿಸುತ್ತಿರಲಿಲ್ಲ.

‘ಟೋಟಲ್ ಕರೆಕ್ಟು’ ಎಂದರು ಅಪ್ಪ. ‘ಏನಮ್ಮಾ ಇದು, ನಿಮ್ಮಮ್ಮ ನನಗಿಂತ ದೊಡ್ಡ ಸಾಹುಕಾರ್ತಿ ಆಗಿಬಿಟ್ಟಿದಾಳೆ!’ ನನ್ನ ಬೆನ್ನು ತಟ್ಟಿದರು. ಆ ಟಿಕ್ ನೋಡಿ ನಾನು ಸಂಜೆಯವರೆಗೂ ಖುಷಿಯಾಗಿದ್ದೆ.

ಮರುದಿನ ಸಂಜೆ ಅಪ್ಪ ಆಫೀಸಿನಿಂದ ಬಂದವರು ಶೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರ ಗೆಳೆಯರೊಬ್ಬರು ಪ್ರಿಂಟಿಂಗ್ ಪ್ರೆಸ್ ಶುರು ಮಾಡುತ್ತಿದ್ದರು, ಅಪ್ಪನಿಗೂ ಪಾಲು ಕೊಡುವ ಮಾತಾಗಿತ್ತು. ಮೆಷಿನ್‌ಗೆ ಡಾಲರ್‌ನಲ್ಲಿ ಕೊಡಬೇಕು. ಶಿಲ್ಲಿಂಗ್ ದಿನದಿನಕ್ಕೆ ಇಳಿಯುತ್ತಿತ್ತು.

‘ನಿನ್ನ ಹತ್ರ ಎಷ್ಟಿದೆ?’

‘ನನ್ನ ಹತ್ರ ಎಲ್ಲಿರತ್ತೆ? ತರಕಾರಿಗೆ ಅಂತ ಸ್ವಲ್ಪ...’

‘ನಲವತ್ತೊಂದು ಸಾವಿರದ ಮುನ್ನೂರೈವತ್ತು.’

ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಕೈ ನಿಂತಿತು. ಅಪ್ಪನನ್ನು ನೋಡಲಿಲ್ಲ, ಊಟದ ಮೇಜಿನ ಹತ್ತಿರ ಕೂತಿದ್ದ ನನ್ನನ್ನು ನೋಡಿದಳು.

‘ಅದು ನನ್ನದಲ್ಲ’ ಎಂದಳು.

‘ಮತ್ತೆ ಯಾರದು?’

‘ಬೇರೆಯವ್ರದು. ಸ್ವಲ್ಪ ನನ್ನದು, ಉಳಿದದ್ದು ಬೇರೆಯವ್ರದು.’

‘ಬೇರೆಯವ್ರು ನಿನ್ನ ಹತ್ರ ಯಾಕೆ ಇಡ್ತಾರೆ? ನೀನೇನು ಬ್ಯಾಂಕಾ? ಯಾರು ಹೇಳು, ನಾನೇ ಕೇಳ್ಕೊಂಡು ಬರ್ತೀನಿ.’

ಅಮ್ಮ ಮತ್ತೆ ಬಟಾಣಿಗೆ ಕೈ ಹಾಕಿದಳು. ಅಪ್ಪ ಕೂಗಾಡುವ ಮನುಷ್ಯರಲ್ಲ. ‘ಮೂರು ವಾರ. ಬ್ಯಾಂಕಿನ ಸಾಲಕ್ಕಿಂತ ಮುಂಚೆ ನಿನ್ನದು ವಾಪಸ್ ಕೊಡ್ತೀನಿ. ಮನೆ ದುಡ್ಡು ಮನೆಗೇ ಆಗದೇ ಇದ್ರೆ ಇನ್ನೇನಕ್ಕೆ?’ ಎಂದರು. ಅವರ ಪ್ರಕಾರ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಲೆಕ್ಕ ನೋಡಿದ್ದರು, ಟಿಕ್ ಹಾಕಿದ್ದರು, ಪುಟದ ತಲೆಯಲ್ಲಿ ಹೆಂಡತಿಯ ಬಂಡವಾಳ ಎಂದೇ ಇತ್ತು. ಅಮ್ಮ ಡಬ್ಬಿ ತಂದು ನಲವತ್ತು ಸಾವಿರ ಎಣಿಸಿ ಮೇಜಿನ ಮೇಲಿಟ್ಟಳು. ಖಾಲಿ ಲಕೋಟೆಗಳನ್ನು ಮಡಿಸಿ ಸೆರಗಿನೊಳಗೆ ಸಿಕ್ಕಿಸಿಕೊಂಡಳು.

ಆ ಲಕೋಟೆಗಳ ವಿಷಯ ನನಗೆ ತಿಳಿದದ್ದು ಮಾರನೇ ದಿನ, ಶಾಲೆಯಿಂದ ಬಂದ ಮೇಲೆ. ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಎದುರು ಕೂರಿಸಿಕೊಂಡು ಒಂದೊಂದೇ ಹೇಳಿದಳು. ಅಮ್ಮನ ಸ್ವಂತದ್ದು 13,500. ಎರಡು ಲಕೋಟೆಗಳಲ್ಲಿ ಬೇರೆ ಇಬ್ಬರು ಗೆಳತಿಯರದು ಒಟ್ಟು 8,650, ಅವರಿಗೆ ಅವಸರವಿರಲಿಲ್ಲ. ಮೂರನೆಯದರಲ್ಲಿದ್ದ 19,200 ಲೆಕ್ಚರರ್ ಆಂಟಿಯದು.

ಲೆಕ್ಚರರ್ ಆಂಟಿಯ ಗಂಡ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಅಪ್ಪನ ಜೊತೆ ವಾಕಿಂಗ್ ಹೋಗುವವರೂ ಅವರೇ. ಆಂಟಿಯ ತಾಯಿ ದಾವಣಗೆರೆಯಲ್ಲಿ ಹಾಸಿಗೆ ಹಿಡಿದಿದ್ದರು. ಎರಡು ಸಲ ಟಿಕೆಟ್ ಕೇಳಿದಾಗ ಗಂಡ ‘ಮುಂದಿನ ವರ್ಷ ನೋಡೋಣ’ ಎಂದಿದ್ದರು. ಆಂಟಿ ಮೂರು ವರ್ಷ ಗುಜರಾತಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಮನೆಖರ್ಚಿನಲ್ಲಿ ಉಳಿಸಿ, ಅಮ್ಮನ ಹತ್ತಿರ ಇಟ್ಟಿದ್ದರು. ಆ ಹೆಸರು ಅಪ್ಪನ ಮುಂದೆ ಬಾಯಿಗೆ ಬಂದರೆ ಶನಿವಾರದ ವಾಕಿಂಗ್ ಮುಗಿಯುವ ಹೊತ್ತಿಗೆ ಅದು ಗಂಡನಿಗೂ ತಲುಪುತ್ತಿತ್ತು.

‘ನಿನಗೆ ಬಯ್ಯೋಕೆ ನನಗೆ ಬಾಯಿಲ್ಲ’ ಎಂದಳು ಅಮ್ಮ. ‘ಬಾಯಲ್ಲಿ ಹೇಳ್ಕೊಂಡು ಎಣಿಸಿದವಳು ನಾನೇ ತಾನೆ.’

ಮೂರು ವಾರ ಕಳೆಯಿತು. ಮೆಷಿನ್ ಬರಲಿಲ್ಲ. ಅಪ್ಪ ಆ ಮಾತು ಎತ್ತಲಿಲ್ಲ, ಅಮ್ಮ ಕೇಳಲಿಲ್ಲ. ಮಾರ್ಚ್ ನಾಲ್ಕು, ಗುರುವಾರ ಮಧ್ಯಾಹ್ನ ಲೆಕ್ಚರರ್ ಆಂಟಿ ಬಂದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

‘ಡಾಕ್ಟ್ರು ಇನ್ನು ಜಾಸ್ತಿ ದಿನ ಇಲ್ಲ ಅಂದ್ರಂತೆ. ತಮ್ಮ ಫೋನ್ ಮಾಡಿದ್ದ. ಹನ್ನೆರಡನೇ ತಾರೀಕು ಬಾಂಬೆಗೆ ಸೀಟಿದೆ. ಟಿಕೆಟ್ ಇಪ್ಪತ್ತು ಸಾವಿರದ ಐನೂರು ಆಗಿದೆ, ಮುಂದಿನ ವಾರ ಇನ್ನೂ ಏರತ್ತಂತೆ. ನನ್ನದರ ಮೇಲೆ ಒಂದು ಸಾವಿರದ ಮುನ್ನೂರು ನೀನು ಹಾಕ್ತೀಯಾ?’

‘ಸೋಮವಾರ ಬಾ’ ಎಂದಳು ಅಮ್ಮ. ‘ಪೂರ್ತಿ ಕೊಡ್ತೀನಿ.’

ಆಂಟಿ ಹೋದ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಡಬ್ಬಿಯಲ್ಲಿ ಉಳಿದದ್ದು 1,350. ಶುಕ್ರವಾರ, ಶನಿವಾರ ಅಮ್ಮ ಬಾಕಿ ಇದ್ದ ಮನೆಗಳಿಗೆಲ್ಲ ಹೋದಳು. ಶ್ರೀಮಂತರ ಬಡಾವಣೆ ರುಂಡಾದ ಒಂದು ಮನೆಯ ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡದೆ ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದ. ಎರಡು ದಿನದಲ್ಲಿ 7,400 ಬಂತು. ಒಟ್ಟು 8,750. ಇನ್ನೂ 11,750 ಬೇಕು.

ಅಮ್ಮ ಕೇಳಿದ್ದು ನಮ್ಮವರನ್ನಲ್ಲ, ತರಕಾರಿ ಮಾಮಾಳನ್ನು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ತಾಯಿ. ಊರಿಂದ ಬಂದಿದ್ದ ಅಜ್ಜಿ, ‘ಹೆಂಗಸನ್ನ ಹಿಡಿದು ಮಾಮಾ ಅಂತೀರಲ್ಲೇ, ಸೋದರಮಾವ ಏನೇ ಅವಳು?’ ಎಂದು ಹೋಗುವವರೆಗೂ ಆಡಿಕೊಂಡಿದ್ದರು. ಮಾಮಾ ವಾರಕ್ಕೆರಡು ಸಲ ಸೊಪ್ಪು, ಟೊಮೇಟೊ ಹೊತ್ತು ಬರುತ್ತಿದ್ದಳು. ಹೋಗುವಾಗ ಅಮ್ಮನ ನೈಟಿಗಳನ್ನು ಬುಟ್ಟಿಯ ತಳದಲ್ಲಿಟ್ಟುಕೊಂಡು ಹೋಗಿ ಸಂತೆಯಲ್ಲಿ ಮಾರುತ್ತಿದ್ದಳು. ಅವರು ಹನ್ನೆರಡು ಹೆಂಗಸರು ತಿಂಗಳಿಗೆ ತಲಾ ಒಂದು ಸಾವಿರ ಹಾಕಿ, ಸರದಿಯಂತೆ ಒಬ್ಬೊಬ್ಬರು ಹನ್ನೆರಡು ಸಾವಿರ ಎತ್ತಿಕೊಳ್ಳುತ್ತಿದ್ದರು. ಮಾರ್ಚ್ ಮಾಮಾಳ ಸರದಿ. ಆ ದುಡ್ಡಿನಲ್ಲಿ ದೊಡ್ಡ ಮಳೆಗೆ ಮುಂಚೆ ಮನೆಗೆ ಮಬಾಟಿ, ಅಂದರೆ ಹೊಸ ತಗಡಿನ ಸೂರು, ಹಾಕಿಸುವುದಿತ್ತು. ಹಳೆಯದರ ತೂತುಗಳಿಗೆ ಪ್ಲಾಸ್ಟಿಕ್ ತುರುಕಿಟ್ಟಿದ್ದಳು.

ಅಮ್ಮ ತನಗೆ ಬರುವಷ್ಟು ಸ್ವಾಹಿಲಿಯಲ್ಲಿ ಎಲ್ಲವನ್ನೂ ಹೇಳಿದಳು. ಮಾಮಾ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಸೊಪ್ಪಿನ ಕಟ್ಟು ಬಿಚ್ಚಿ ಕಟ್ಟಿದಳು.

‘ಎಷ್ಟು ದುಡ್ಡಿದೆ ಅಂತ ನಿನ್ನ ಗಂಡನಿಗೆ ಹೇಳಿದ್ದು ಯಾರು?’

ನಾನು ಡೈರಿಯನ್ನು ಬೆನ್ನ ಹಿಂದೆ ಹಿಡಿದೆ.

‘ಮನೆಯೊಳಗಿನ ಇಲಿ’ ಎಂದಳು ಅಮ್ಮ. ಮಾಮಾ ನನ್ನ ಕಡೆ ನೋಡಿ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: ‘ಕೊಡ್ತೀನಿ. ಆದ್ರೆ ನಮ್ಮಲ್ಲಿ ಒಬ್ಬಳೇ ಕೊಡೋ ಹಾಗಿಲ್ಲ. ನೀನು ಬಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು.’

ನಾನು ನಡುವೆ ಬಾಯಿ ಹಾಕಿ, ಪತ್ರ ಬರೆದುಕೊಡುತ್ತೇವೆ ಎಂದೆ. ‘ಕಾಗದ ಯಾತಕ್ಕೆ?’ ಎಂದಳು ಮಾಮಾ. ‘ಕಾಗದಕ್ಕೆ ನಾಚಿಕೆ ಇರತ್ತಾ?’

ಏಳನೇ ತಾರೀಕು ಭಾನುವಾರ, ನಾನು ಅಪ್ಪನಿಗೆ ಡೈರಿ ತೋರಿಸಿ ಸರಿಯಾಗಿ ನಾಲ್ಕು ವಾರಕ್ಕೆ, ಆ ಹೆಂಗಸರ ಚರ್ಚ್ ಮುಗಿದ ಮೇಲೆ ಹೋದೆವು. ಅಪ್ಪನಿಗೆ ದೇವಸ್ಥಾನಕ್ಕೆ ಎಂದು ಹೇಳಿದ್ದೆವು. ಮಾಮಾಳ ಮನೆಯ ಮುಂದೆ ಹೆಂಗಸರು ಸ್ಟೂಲು, ಡಬ್ಬಗಳ ಮೇಲೆ ಸುತ್ತ ಕೂತಿದ್ದರು. ಹದಿನಾಲ್ಕು ವರ್ಷ ಆ ಊರಿನಲ್ಲಿ ತನ್ನ ವ್ಯಾಪಾರವನ್ನು ಪಿಸುಮಾತಿನಲ್ಲೇ ನಡೆಸಿದ್ದ ಅಮ್ಮ ನಡುವೆ ಎದ್ದು ನಿಂತಳು. ಗೋಡೆಯಾಚೆ ದಾರಿಯಲ್ಲಿ ಹೋಗುವವರಿಗೂ ಕೇಳುತ್ತಿತ್ತು. ನಾನು ಬಟ್ಟೆ ಮಾರುವವಳು, ಎಂದಳು. ಗೆಳತಿಯ ದುಡ್ಡು ನನ್ನ ಕೈಯಿಂದ ಹೋಗಿದೆ. ಹನ್ನೆರಡು ಸಾವಿರ ಒಯ್ಯುತ್ತಿದ್ದೇನೆ. ವಾರಕ್ಕೆ ಐದು ನೈಟಿ ಮಾರಿ, ತಿಂಗಳಿಗೆ ಒಂದು ಸಾವಿರ ತಂದುಕೊಡುತ್ತೇನೆ.

ಒಬ್ಬ ಮುದುಕಿ ಕೇಳಿದಳು: ‘ಕೊಡದಿದ್ದರೆ?’

‘ಕೊಡದಿದ್ದರೆ ನನ್ನ ಮನೆ ಬಾಗಿಲಿಗೆ ಬಂದು ಹೀಗೇ ಗಟ್ಟಿಯಾಗಿ ಹೇಳಿ.’

ಮುದುಕಿ ತಲೆಯಾಡಿಸಿದಳು. ಹನ್ನೆರಡು ಜನರೂ ಒಬ್ಬೊಬ್ಬರಾಗಿ ‘ಸವಾ’, ಅಂದರೆ ಆಗಲಿ, ಎಂದರು. ನನ್ನ ಚೀಲದಲ್ಲಿ ಡೈರಿ ಇತ್ತು, ಹೊರಗೆ ತೆಗೆಯಲಿಲ್ಲ. ಮೇಲಿನ ಮಾತುಗಳನ್ನು ಈಗ ನೆನಪಿನಿಂದ ಬರೆಯುತ್ತಿದ್ದೇನೆ.

ಸೋಮವಾರ ಆಂಟಿ ದುಡ್ಡು ತೆಗೆದುಕೊಂಡರು, ಶುಕ್ರವಾರ ಹೋದರು. ಡಬ್ಬಿಯಲ್ಲಿ 250 ಶಿಲ್ಲಿಂಗ್ ಉಳಿಯಿತು.

ಮಾರ್ಚ್ ಇಪ್ಪತ್ತೆಂಟು, ಭಾನುವಾರ, ಕನ್ನಡದವರೆಲ್ಲ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದರು. ಕೈ ತೊಳೆಯುವ ಸಾಲಿನಲ್ಲಿ ಲೆಕ್ಚರರ್ ಅಂಕಲ್ ಅಪ್ಪನಿಗೆ ಹೇಳುತ್ತಿದ್ದರು: ‘ಅವಳ ತಾಯಿ ಹೋಗಿಬಿಟ್ರು ರೀ, ಹತ್ತು ದಿನ ಆಯ್ತು. ಇವಳು ಮುಟ್ಟಿದ ನಾಲ್ಕನೇ ದಿನಕ್ಕೆ. ನಾನು ಟಿಕೆಟ್ ಕೊಡಿಸಿರಲಿಲ್ಲ. ಇಪ್ಪತ್ತು ಸಾವಿರ ಇವಳಿಗೆ ಎಲ್ಲಿಂದ ಬಂತು ಅಂತ ಯೋಚ್ನೆ ಮಾಡ್ತಾನೇ ಇದೀನಿ. ಯಾರೋ ನಮ್ಮ ಹೆಂಗಸರೇ ಇಟ್ಕೊಂಡಿದ್ರಂತೆ.’

ಅಪ್ಪ ನಲ್ಲಿ ನಿಲ್ಲಿಸುವುದನ್ನು ಮರೆತರು. ಆಮೇಲೆ ಹಾಲ್‌ನ ಆ ತುದಿಯಲ್ಲಿ ಕೋಸಂಬರಿ ಬಡಿಸುತ್ತಿದ್ದ ಅಮ್ಮನನ್ನು ನೋಡಿದರು.

ಹಿಂದಿರುಗುವಾಗ ದೊಡ್ಡ ಮಳೆ ಶುರುವಾಯಿತು, ಆ ವರ್ಷದ ಮೊದಲನೆಯದು. ಕಾರಿನ ಮೇಲೆ ಕಲ್ಲು ಸುರಿದಂತೆ ಸದ್ದು. ಅಮ್ಮ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಆಕೆ ಯಾರ ಸೂರನ್ನು ನೆನೆಯುತ್ತಿದ್ದಾಳೆಂದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಮಬಾಟಿ ಹಾಕಿದ್ದು ಕೊನೆಗೂ ಜುಲೈನಲ್ಲಿ. ಅಷ್ಟರಲ್ಲಿ ಅಪ್ಪ ಹನ್ನೊಂದು ಸಾವಿರ ವಾಪಸ್ ತಂದಿದ್ದರು. ಉಳಿದದ್ದು ಬರಲಿಲ್ಲ.

ಆ ಮಳೆಯಲ್ಲಿ, ಸಿಗ್ನಲ್‌ನಲ್ಲಿ ಕಾರು ನಿಂತಾಗ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು.

‘ಅವತ್ತಿನ ನಿನ್ನ ಟೋಟಲ್‌ನಲ್ಲಿ ನಮ್ಮದು ಎಷ್ಟಿತ್ತಮ್ಮಾ? ಬೇರೆಯವ್ರದು ಎಷ್ಟು?’

ನನಗೆ ಮೂರೂ ಲಕೋಟೆಗಳ ಲೆಕ್ಕ ಬಾಯಿಪಾಠವಾಗಿತ್ತು. ಅಮ್ಮ ತಿರುಗಲಿಲ್ಲ. ಆಕೆಯ ಉಸಿರಿನಿಂದ ಗಾಜು ಮಂಜಾಗುತ್ತಿದ್ದದ್ದು ನಿಂತಿತು, ಉಸಿರು ಬಿಗಿಹಿಡಿದಿದ್ದಾಳೆ ಎಂದು ಗೊತ್ತಾಯಿತು.

‘ನನಗೆ ಗೊತ್ತಿಲ್ಲಪ್ಪ’ ಎಂದೆ. ‘ನಾನು ಬರೆದಿಟ್ಟಿಲ್ಲ.’